ಪ್ವಾಸಿಯ ದಾರಿಯಲ್ಲಿ ಕ್ರಿಸ್ಟೀನ್

ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿಗೆ ಹೋದವರು ಮೊನಾಲಿಸಾಳನ್ನು ಹುಡುಕಿಕೊಂಡು ಮೆಟ್ಟಿಲು ಹತ್ತುತ್ತಾರೆ. ಕೆಳಗಿಳಿದರೆ ನೆಲದಡಿಯಲ್ಲಿ ಇನ್ನೊಂದು ಲೂವ್ರ್ ಇದೆ. 1190ರ ಸುಮಾರಿಗೆ ಎದ್ದ ಕೋಟೆಯ ಬುಡ, ನೀರಿಲ್ಲದ ಕಂದಕ, ಕಲ್ಲುಕುಟಿಗರು ಕೊರೆದ ಗುರುತುಗಳು. ಒಂದೆರಡು ಗುರುತುಗಳಂತೂ ಪುಟ್ಟ ಹೃದಯದ ಆಕಾರದವು. 1368ರ ಡಿಸೆಂಬರಿನಲ್ಲಿ, ವೆನಿಸ್ಸಿನಲ್ಲಿ ಹುಟ್ಟಿದ ನಾಲ್ಕು ವರ್ಷದ ಹುಡುಗಿಯೊಬ್ಬಳು ಐದನೆಯ ಶಾರ್ಲ್ ದೊರೆಯ ಮುಂದೆ ನಿಂತದ್ದು ಈ ಕೋಟೆಯಲ್ಲೇ. ಅವಳು ಕ್ರಿಸ್ಟೀನ್ ದ ಪಿಜಾನ್.

ಅಪ್ಪ ತೊಮ್ಮಾಸೊ ಆಸ್ಥಾನದ ಜೋಯಿಸ. ದೊರೆಗೋ ಪುಸ್ತಕಗಳ ಹಂಬಲ. ಕೋಟೆಯ ಒಂದು ಬುರುಜಿನಲ್ಲಿ ಒಂಬೈನೂರಕ್ಕೂ ಹೆಚ್ಚು ಹಸ್ತಪ್ರತಿಗಳನ್ನು ಕೂಡಿಹಾಕಿದ್ದ. ಕ್ರಿಸ್ಟೀನ್‌ಗೆ ಹದಿನೈದಕ್ಕೆ ಮದುವೆ, ಇಪ್ಪತ್ತೈದಕ್ಕೆ ವೈಧವ್ಯ. ಅಷ್ಟರಲ್ಲಿ ದೊರೆಯೂ ಇಲ್ಲ, ಅಪ್ಪನೂ ಇಲ್ಲ. ಪರದೇಶದಲ್ಲಿ ಮೂರು ಮಕ್ಕಳು, ತಾಯಿ, ಒಬ್ಬ ಸೋದರ ಸಂಬಂಧದ ಹುಡುಗಿ, ಮೇಲೆ ಮುಗಿಯದ ಕೋರ್ಟು ಕಚೇರಿ ವ್ಯಾಜ್ಯಗಳು. ಅವಳು ಪೆನ್ನು ಹಿಡಿದಳು. ಬರವಣಿಗೆಯನ್ನೇ ನಂಬಿ ಮನೆ ನಡೆಸಿದ ಯೂರೋಪಿನ ಮೊದಲ ಮಹಿಳೆ ಎಂದು ಅವಳನ್ನು ಕರೆಯುವುದುಂಟು. ಬರೆದದ್ದು ಫ್ರೆಂಚಿನಲ್ಲಿ, ಆದರೆ ಫ್ರೆಂಚ್ ಓದುಗರಿಗೆ ಇಟಲಿಯ ಕವಿ ಡಾಂಟೆಯ ಹೆಸರು ಹೇಳಿಕೊಟ್ಟವರಲ್ಲಿ ಅವಳು ಮೊದಲಿಗಳು. ಇಟಲಿ ಅವಳೊಳಗೆ ಹಾಗೆ ಉಳಿದಿತ್ತು.

ನನ್ನನ್ನು ಪ್ವಾಸಿಗೆ ಎಳೆದದ್ದು 1400ರಲ್ಲಿ ಅವಳೇ ಬರೆದ ಒಂದು ಪ್ರವಾಸ ಕಾವ್ಯ. ಪ್ಯಾರಿಸ್ಸಿನ ಪಶ್ಚಿಮಕ್ಕೆ ಸೇನ್ ನದಿಯ ದಂಡೆಯ ಈ ಊರಿನ ಮಠದಲ್ಲಿ ಅವಳ ಮಗಳು ಸನ್ಯಾಸಿನಿಯಾಗಿದ್ದಳು. ಏಪ್ರಿಲ್ಲಿನ ಒಂದು ದಿನ ಗೆಳೆಯ ಗೆಳತಿಯರ ಜೊತೆ ಕುದುರೆಯೇರಿ, ಸೇನ್ ಝೆರ್ಮೇನ್ ಕಾಡು ಹಾದು, ತಾಯಿ ಮಗಳನ್ನು ನೋಡಲು ಹೊರಟಳು. ದಾರಿಯ ಹೂವು, ಹಕ್ಕಿ, ಹರಟೆ ಎಲ್ಲ ಆ ಕಾವ್ಯದಲ್ಲಿದೆ. ಮಠದ ಊಟ, ಅಂಗಳ, ಕಾರಂಜಿ, ಅಲ್ಲೇ ಸನ್ಯಾಸಕ್ಕೆ ಒಪ್ಪಿಸಿದ್ದ ಎಂಟು ತುಂಬದ ರಾಜಕುಮಾರಿ ಮರೀ, ಎಲ್ಲರನ್ನೂ ಎಲ್ಲವನ್ನೂ ಕಣ್ತುಂಬ ನೋಡಿದ್ದಾಳೆ.

ಈಗ ಲೋಕಲ್ ರೈಲು ಅದೇ ಕಾಡನ್ನು ಸೀಳಿಕೊಂಡು ಬರುತ್ತದೆ. ಕೊನೆಯ ನಿಲ್ದಾಣದಲ್ಲಿ ಇಳಿಯುವ ಪ್ರವಾಸಿಗರು ಬಹುಪಾಲು ವಿಲಾ ಸವ್ವಾ ನೋಡಲು ಬಂದವರು. ನಮ್ಮ ಚಂಡೀಗಢದ ಯೋಜನೆ ರೂಪಿಸಿದ ಕೊರ್ಬ್ಯೂಸಿಯೆ ಕಟ್ಟಿದ ಬಿಳಿಯ ಮನೆ ಅದು. ಮಠವನ್ನು ಕೇಳಿಕೊಂಡು ಬರುವವರು ಕಡಿಮೆ. ಕೇಳಿದರೂ ಕಾಣುವುದೇನು? ದೊಡ್ಡ ಚರ್ಚು ಫ್ರೆಂಚ್ ಕ್ರಾಂತಿಯ ನಂತರ ನೆಲಸಮವಾಯಿತು. ಉಳಿದದ್ದರಲ್ಲಿ ಎದ್ದು ಕಾಣುವುದು ಎರಡು ದುಂಡು ಬುರುಜುಗಳ ಹೆಬ್ಬಾಗಿಲು. ಅದರೊಳಗೆ ಆಟಿಕೆಗಳ ಮ್ಯೂಸಿಯಂ. ಹಳೆಯ ಗೊಂಬೆಗಳಿಗೆ ಮನೆಯಾದ ಆ ಕಲ್ಲನ್ನು ಮುಟ್ಟಿದಾಗ ಮೈ ಝುಂ ಎಂದಿತು. ಮಗಳನ್ನು ನೋಡುವ ಆತುರದಲ್ಲಿ ಕ್ರಿಸ್ಟೀನ್ ಕುದುರೆಯಿಂದ ಇಳಿದದ್ದು ಇಲ್ಲೇ ಎಲ್ಲೋ ಇರಬೇಕು!

ಅವಳದ್ದೇ ಒಂದು ಊರೂ ಇದೆ. 1405ರಲ್ಲಿ ಮುಗಿಸಿದ ‘ಸ್ತ್ರೀಯರ ನಗರ’ ಎಂಬ ಪುಸ್ತಕದಲ್ಲಿ, ಹೆಣ್ಣನ್ನು ಹೀನವಾಗಿ ಕಂಡ ಪಂಡಿತರ ಪುಸ್ತಕ ಓದಿ ಕುಗ್ಗಿ ಕುಳಿತವಳ ಮುಂದೆ ವಿವೇಕ, ಋಜುತ್ವ, ನ್ಯಾಯ ಎಂಬ ಮೂವರು ದೇವಿಯರು ಬರುತ್ತಾರೆ. ಅವಳ ಕೈಯಿಂದಲೇ ಪಾಯ ತೋಡಿಸಿ, ರಾಣಿಯರು, ವಿದುಷಿಯರು, ಸಂತ ಸ್ತ್ರೀಯರ ಕಥೆಗಳಿಂದ ನಗರ ಕಟ್ಟಿಸುತ್ತಾರೆ. ಆ ಸಾಲಿನಲ್ಲಿ ತನ್ನ ಕಾಲದ ಅನಸ್ತಾಸಿಯಾ ಎಂಬ ಕಲಾವಿದೆಯನ್ನೂ ಸೇರಿಸಿದ್ದಾಳೆ. ಹಸ್ತಪ್ರತಿಗಳ ಅಂಚಿಗೆ ಬಳ್ಳಿ ಬಿಡಿಸುವುದರಲ್ಲಿ ಪ್ಯಾರಿಸ್ಸಿನಲ್ಲಿ ಅವಳಿಗೆ ಸಾಟಿಯಿಲ್ಲ ಎಂದು ಹೊಗಳಿದ್ದಾಳೆ. ಪುರಾಣದ ರಾಣಿಯರ ಪಕ್ಕದಲ್ಲಿ ದುಡಿದು ತಿನ್ನುವ ಹೆಂಗಸಿಗೊಂದು ಜಾಗ! ಇಡೀ ಪುಸ್ತಕದಲ್ಲಿ ನನಗೆ ಬಲು ಪ್ರಿಯವಾದ ಎಡೆ ಇದು.

ಫ್ರಾನ್ಸಿನ ರಾಣಿ ಇಸಾಬೊಗಾಗಿ ಕ್ರಿಸ್ಟೀನ್ ಸಿದ್ಧಪಡಿಸಿಕೊಟ್ಟ ತನ್ನ ಬರಹಗಳ ಸಂಪುಟ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಒಂದು ಚಿತ್ರದಲ್ಲಿ ನೀಲಿ ಉಡುಪು, ಬಿಳಿ ಶಿರವಸ್ತ್ರದ ಕ್ರಿಸ್ಟೀನ್ ಬರೆಯುತ್ತ ಕುಳಿತಿದ್ದಾಳೆ, ಪಕ್ಕದಲ್ಲೊಂದು ಪುಟ್ಟ ನಾಯಿ.

1418ರಲ್ಲಿ ಅಂತರ್ಯುದ್ಧ ಪ್ಯಾರಿಸ್ಸನ್ನು ರಕ್ತದಲ್ಲಿ ಅದ್ದಿದಾಗ ಅವಳು ಮಠವೊಂದನ್ನು ಸೇರಿದಳು. ಅದು ಪ್ವಾಸಿಯೇ ಇರಬೇಕೆಂದು ವಿದ್ವಾಂಸರ ಊಹೆ. ಮುಂದಿನ ಹನ್ನೊಂದು ವರ್ಷ ಬಹುತೇಕ ಮೌನ. ಆಮೇಲೆ 1429ರ ಜುಲೈ 17ರಂದು ರೀಮ್ಸ್ ನಗರದಲ್ಲಿ, ಹದಿಹರೆಯದ ರೈತರ ಹುಡುಗಿ ಜೋನ್ ಆಫ್ ಆರ್ಕ್ ಮುಂದೆ ನಿಂತು ಏಳನೆಯ ಶಾರ್ಲ್‌ಗೆ ಪಟ್ಟ ಕಟ್ಟಿಸಿದಳು. ಸುದ್ದಿ ಆ ಮುಚ್ಚಿದ ಗೋಡೆಯೊಳಗೆ ಹೇಗೆ ತಲುಪಿತೋ! ಅರವತ್ತೈದರ ಮುದುಕಿ ಮತ್ತೆ ಪೆನ್ನು ಹಿಡಿದು, ಜುಲೈ 31ಕ್ಕೆ ಆ ಹುಡುಗಿಯ ಮೇಲೆ ದೀರ್ಘ ಕವಿತೆಯೊಂದನ್ನು ಬರೆದು ಮುಗಿಸಿದಳು. ಪಟ್ಟಾಭಿಷೇಕವಾಗಿ ಆಗ ಬರೀ ಎರಡು ವಾರ.