ಅಲ್ಲಾಡಿಸಿದರೆ ಸದ್ದು ಬರಬಾರದು

ಕಳೆದ ವರ್ಷ ಜೂನ್‌ನಲ್ಲಿ ಲೇಹ್‌ನ ಗೆಸ್ಟ್‌ಹೌಸ್ ಅಂಗಳದಲ್ಲಿ ಕೂತು ಸೈಕಲ್ ಬಾಕ್ಸ್ ಬಿಚ್ಚಿದೆ. ಮೊದಲು ಕಣ್ಣಿಗೆ ಬಿದ್ದಿದ್ದು ಹಿಂದಿನ ಡಿರೇಲರ್. ಚಕ್ರದ ಕಡ್ಡಿಗಳ ಕಡೆ ವಾಲಿಕೊಂಡಿತ್ತು. ಅದನ್ನು ಫ್ರೇಮಿಗೆ ಹಿಡಿದಿಡುವ ಹೆಬ್ಬೆರಳಷ್ಟು ಅಲ್ಯೂಮಿನಿಯಂ ತುಂಡಿಗೆ ಹ್ಯಾಂಗರ್ ಅಂತಾರೆ. ಅದು ಬಗ್ಗಿತ್ತು. ಕೈಯಲ್ಲೇ ನೆಟ್ಟಗೆ ಮಾಡೋಣ ಅಂತ ಹೋದೆ, ಟಕ್ ಅಂತ ಮುರಿದೇಹೋಯ್ತು.

ಹ್ಯಾಂಗರ್ ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಊರೆಲ್ಲ ಸುತ್ತಿದರೂ ನನ್ನದಕ್ಕೆ ಹೊಂದುವಂಥದ್ದು ಸಿಗಲಿಲ್ಲ. ಜೊತೆಗೆ ಬಂದಿದ್ದ ಇಬ್ಬರು ಗೆಳೆಯರು ಖರ್ದುಂಗ್ ಲಾ ಕಡೆ ಹೊರಟರು. ನಾನು ಟ್ಯಾಕ್ಸಿಯಲ್ಲಿ ಮೊನಾಸ್ಟರಿ ನೋಡಿಕೊಂಡು ವಾಪಸ್ ಬಂದೆ. ಬೈಯೋಕೂ ಯಾರೂ ಇರಲಿಲ್ಲ. ಡಿರೇಲರ್ ಬಿಚ್ಚದೆ ಹಾಗೇ ಬಾಕ್ಸಿಗೆ ತುಂಬಿದ್ದು ನಾನೇ.

ಇದರಲ್ಲಿ ನಾಚಿಕೆಯ ವಿಷಯ ಇನ್ನೊಂದಿದೆ. ನಮ್ಮಪ್ಪ ತಿಪಟೂರಿನಲ್ಲಿ ಮೂವತ್ತು ವರ್ಷ ಸೈಕಲ್ ಶಾಪ್ ನಡೆಸಿದವರು.

ಚಿಕ್ಕಂದಿನಲ್ಲಿ ನಾನು ಸ್ಪ್ಯಾನರ್ ಮುಟ್ಟಿದರೆ ಸಾಕು, ‘ಕೈ ಮಸಿ ಮಾಡ್ಕೋಬೇಡ, ಹೋಗಿ ಓದ್ಕೋ’ ಅನ್ನೋರು. ಓದಿಕೊಂಡೆ. ಹೈಸ್ಕೂಲಿನಲ್ಲಿ ಪೇರೆಂಟ್ಸ್ ಮೀಟಿಂಗ್‌ಗೆ ಅಪ್ಪ ಬಂದಾಗ ಅವರ ಉಗುರಿನ ಸಂದಿಯ ಗ್ರೀಸ್ ಯಾರಿಗೂ ಕಾಣದಿರಲಿ ಅಂತ ಬೇಡಿಕೊಂಡಿದ್ದೂ ಇದೆ. ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಸ್ಟ್ರೋಕ್ ಆಯ್ತು. ಬಲಗೈಯಲ್ಲಿ ಹಿಡಿತ ಹೋಯ್ತು, ಶಾಪ್ ಮುಚ್ಚಿತು. ಕಳೆದ ವರ್ಷ ಪ್ಯಾಕ್ ಮಾಡುವಾಗ ಅವರನ್ನು ಕೇಳಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಎಂಟು ನಿಮಿಷದ ಒಂದು ವಿಡಿಯೋ ನೋಡಿ ಮುಗಿಸಿದ್ದೆ.

ಈ ವರ್ಷ ಮತ್ತೆ ಟಿಕೆಟ್ ಬುಕ್ ಮಾಡಿದೆ. ಹೊರಡುವ ಹಿಂದಿನ ವಾರ ಸೈಕಲ್ಲನ್ನೂ ಖಾಲಿ ಬಾಕ್ಸನ್ನೂ ಕಾರಿಗೆ ಹಾಕಿಕೊಂಡು ಊರಿಗೆ ಹೋದೆ. ‘ಅಪ್ಪ, ಇದನ್ನ ಕಟ್ಟಿಕೊಡ್ತೀಯಾ?’ ಅಂದೆ. ಅಪ್ಪ ತಮ್ಮ ಬಲಗೈ ನೋಡಿಕೊಂಡರು. ‘ಕಟ್ಟೋಕಾಗಲ್ಲ. ಹೇಳ್ತೀನಿ, ನೀನೇ ಕಟ್ಟು’ ಅಂದರು.

‘ಇಂಥ ಗೇರ್ ಸೈಕಲ್ ಕಟ್ಟೋದು ನಿಂಗೊತ್ತಾ?’ ಅಂತ ಕೇಳಿಯೇಬಿಟ್ಟೆ. ‘ಲೂಧಿಯಾನಾದಿಂದ ಹೊಸ ಸೈಕಲ್ ಬಿಡಿಬಿಡಿಯಾಗೇ ಬರೋದು ಕಣೋ. ಬಿಚ್ಚಿ ಬಿಚ್ಚಿ ಜೋಡಿಸಿದ್ದೀನಿ. ಬಿಚ್ಚಿದವನಿಗೆ ಕಟ್ಟೋದು ಗೊತ್ತಿರುತ್ತೆ’ ಅಂದರು.

ಮೊದಲು ಸೀಟ್ ಪೋಸ್ಟ್‌ಗೆ ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಸುತ್ತಿಸಿದರು. ಮತ್ತೆ ಜೋಡಿಸುವಾಗ ಅದೇ ಎತ್ತರಕ್ಕೆ ಬರಲಿ ಅಂತ. ಆಮೇಲೆ ಪೆಡಲ್. ಬಲಗಡೆಯದು ಸಲೀಸಾಗಿ ಬಂತು. ಎಡಗಡೆಯದು ಎಷ್ಟು ತಿರುಗಿಸಿದರೂ ಜಗ್ಗಲಿಲ್ಲ. ಅಪ್ಪ ನಕ್ಕರು. ‘ಅದು ಉಲ್ಟಾ ಥ್ರೆಡ್ಡು. ಬಿಚ್ಚೋಕೆ ಗಡಿಯಾರದ ಮುಳ್ಳಿನ ಕಡೆಗೇ ತಿರುಗಿಸು.’

ಯಾಕೆ ಹಾಗೆ? ನನ್ನ ಇಂಜಿನಿಯರಿಂಗ್ ತಲೆ ಲೆಕ್ಕ ಹಾಕಿತು. ತುಳಿಯುವಾಗ ಪೆಡಲ್ ತಿರುಗುವ ದಿಕ್ಕು ನೋಡಿದರೆ, ಈ ಥ್ರೆಡ್‌ನಿಂದ ಅದು ಸಡಿಲ ಆಗಬೇಕು, ಬಿಗಿ ಅಲ್ಲ. ಹಾಗಂತ ವಾದಿಸಿದೆ. ಅಪ್ಪ ಮೇಜಿನ ಮೇಲಿದ್ದ ಪೆನ್ಸಿಲ್ ತಗೊಳ್ಳೋಕೆ ಹೇಳಿ, ತಮ್ಮ ಬಲಗೈ ಮುಷ್ಟಿಯನ್ನು ಮುಂದೆ ಹಿಡಿದರು. ಅದು ಪೂರ್ತಿ ಮುಚ್ಚುವುದಿಲ್ಲ, ಮಧ್ಯೆ ಸ್ವಲ್ಪ ಜಾಗ ಉಳಿಯುತ್ತದೆ. ‘ಪೆನ್ಸಿಲ್ ಒಳಗೆ ತೂರಿಸಿ, ತುದಿ ಹಿಡಿದು ವೃತ್ತ ಸುತ್ತಿಸು. ಗೋಡೆಗೆ ಒತ್ತಿಕೊಂಡೇ ಹೋಗಲಿ.’ ಸುತ್ತಿಸಿದೆ. ವೃತ್ತ ಒಂದು ಕಡೆಗೆ ಹೋದರೆ, ಪೆನ್ಸಿಲ್ ತನ್ನಷ್ಟಕ್ಕೇ ಅದಕ್ಕೆ ವಿರುದ್ಧ ದಿಕ್ಕಿಗೆ ನಿಧಾನಕ್ಕೆ ಉರುಳುತ್ತಿತ್ತು. ಕಾಲಿನ ಭಾರ ಥ್ರೆಡ್ ಒಳಗೆ ಮಾಡುವುದೂ ಇದನ್ನೇ. ಬೇರಿಂಗಿನ ಎಳೆತಕ್ಕಿಂತ ಇದರ ಬಲ ದೊಡ್ಡದು.

‘ಮುಷ್ಟಿ ಬಿಗಿ ಇದ್ರೆ ಇದು ತೋರಿಸೋಕಾಗಲ್ಲ’ ಅಂದರು ಅಪ್ಪ, ಸಾಮಾನ್ಯ ಮಾತು ಅನ್ನೋ ಹಾಗೆ. ನಾನು ಸುಮ್ಮನೆ ಪೆನ್ಸಿಲ್ ಸುತ್ತಿಸುತ್ತಾ ಕೂತಿದ್ದೆ.

ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಎರಡು ಕಾಲುಗಳ ನಡುವೆ ಅಳತೆಗೆ ಕುಯ್ದ ಮರದ ತುಂಡು ಇಟ್ಟೆವು. ಮೇಲೆ ಭಾರ ಬಿದ್ದರೆ ಕಾಲುಗಳು ಅಮುಕಿಕೊಳ್ಳಬಾರದು. ಡಿಸ್ಕ್ ಬ್ರೇಕ್ ಅಪ್ಪ ಹೆಚ್ಚು ನೋಡಿದವರಲ್ಲ. ಅದು ನಾನೇ ಹೇಳಿಕೊಟ್ಟ ಒಂದೇ ವಿಷಯ: ಚಕ್ರ ಇಲ್ಲದಾಗ ಲಿವರ್ ಒತ್ತಿದರೆ ಪ್ಯಾಡ್‌ಗಳು ಹತ್ತಿರ ಬಂದು ಸಿಕ್ಕಿಕೊಳ್ಳುತ್ತವೆ, ಅದಕ್ಕೆ ಮಧ್ಯೆ ರಟ್ಟಿನ ತುಂಡು ಇಡಬೇಕು. ಹ್ಯಾಂಡಲ್‌ಬಾರ್ ಬಿಚ್ಚಿ ಫ್ರೇಮಿಗೆ ಆನಿಸಿದೆವು. ಅದರ ಬೋಲ್ಟ್‌ಗಳನ್ನು ಅಪ್ಪ ಅಲ್ಲಲ್ಲೇ ವಾಪಸ್ ಹಾಕಿಸಿದರು. ಜೇಬಲ್ಲಿಟ್ಟ ಬೋಲ್ಟು ಕಳೆದುಹೋಗೋಕೇ ಇರೋದು ಅಂತ ಅವರ ನಂಬಿಕೆ.

ಕೊನೆಗೆ ಡಿರೇಲರ್. ಬಿಚ್ಚಿ, ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ, ಹಿಂದಿನ ತ್ರಿಕೋನದ ಒಳಕ್ಕೆ ಕಟ್ಟಿದೆವು. ನಾನು ಫೋಮ್ ತಂದಿದ್ದೆ, ಸಾಲಲಿಲ್ಲ. ‘ತಿಪಟೂರಲ್ಲಿ ಕೂತು ಫೋಮ್ ಹುಡುಕ್ತೀಯಲ್ಲೋ’ ಅಂದ ಅಮ್ಮ ಹಿತ್ತಲಿನಿಂದ ಒಂದು ಚೀಲ ತೆಂಗಿನ ನಾರು ತಂದು ಸುರಿದರು. ಟೈರಿನ ಗಾಳಿ ಇಳಿಸಿದೆ. ಅಲೆನ್ ಕೀ ಸೆಟ್, ಒಂದು ರೋಲ್ ಟೇಪ್, ಎರಡು ಸ್ಪೇರ್ ಹ್ಯಾಂಗರ್ ಒಳಗೇ ಹಾಕಿದೆ. ಪವರ್ ಬ್ಯಾಂಕ್ ಮಾತ್ರ ಕ್ಯಾಬಿನ್ ಬ್ಯಾಗಿಗೆ, ಅದನ್ನು ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಎಲ್ಲಾ ಸೇರಿ 18 ಕೆಜಿ ಆಯ್ತು.

ಮುಚ್ಚುವ ಮೊದಲು ಅಪ್ಪ ಅಂದರು, ‘ಎತ್ತಿ ಅಲ್ಲಾಡಿಸು. ಸದ್ದು ಬಂದ್ರೆ ಒಳಗೆ ಒಂದು ಇನ್ನೊಂದನ್ನ ಹೊಡೀತಿದೆ ಅಂತ.’ ಮೂರು ಸಲ ಬಿಚ್ಚಿ ನಾರು ತುರುಕಿದೆ. ನಾಲ್ಕನೇ ಸಲ ಸದ್ದಿಲ್ಲ.

ಲೇಹ್‌ನಲ್ಲಿ ಬಾಕ್ಸ್ ಬಿಚ್ಚಿದಾಗ ಹ್ಯಾಂಗರ್ ನೆಟ್ಟಗಿತ್ತು. ಗೆಸ್ಟ್‌ಹೌಸ್ ಅಂಗಳದ ತುಂಬ ನಾರೋ ನಾರು. ಊರಿನ ಎತ್ತರವೇ ಸುಮಾರು 3,500 ಮೀಟರ್, ಹಾಗಾಗಿ ಮೂರು ದಿನ ಸುಮ್ಮನೆ ಓಡಾಡಿಕೊಂಡಿದ್ದು ನಾಲ್ಕನೇ ದಿನ ಹೊರಟೆ. 5,359 ಮೀಟರ್ ಎತ್ತರದ ಖರ್ದುಂಗ್ ಲಾ ಮುಟ್ಟಲಿಲ್ಲ. ಸೌತ್ ಪುಲ್ಲು ಚೆಕ್‌ಪೋಸ್ಟ್ ಹತ್ತಿರ ತಲೆನೋವು, ವಾಕರಿಕೆ ಶುರುವಾಗಿ ತಿರುಗಿ ಬಂದೆ. ಈ ಸಲ ಕೈಕೊಟ್ಟಿದ್ದು ಸೈಕಲ್ ಅಲ್ಲ, ನಾನು.

ರಾತ್ರಿ ಅಪ್ಪ ಫೋನ್ ಮಾಡಿ ಕೇಳಿದ್ದು ಒಂದೇ ಪ್ರಶ್ನೆ. ‘ಎಡಗಡೆ ಪೆಡಲು ಸರಿಯಾಗಿ ಕೂತಿತ್ತಾ?’

ವಾಪಸ್ ಬರುವಾಗ ಒಬ್ಬನೇ ಪ್ಯಾಕ್ ಮಾಡಿದೆ. ಬೆಂಗಳೂರಿಗೆ ಬಂದ ವಾರವೇ, ಟೇಪ್ ಕೂಡ ಬಿಚ್ಚದೆ, ಬಾಕ್ಸನ್ನು ಹಾಗೇ ತಿಪಟೂರಿಗೆ ತಗೊಂಡು ಹೋದೆ. ಅಪ್ಪ ಏನೂ ಮಾತಾಡಲಿಲ್ಲ. ಎಡಗೈಯಲ್ಲಿ ಒಂದು ಮೂಲೆ ಹಿಡಿದು ಮೇಲೆತ್ತಿ, ಅಲ್ಲಾಡಿಸಿ, ಕಿವಿ ಹತ್ತಿರ ತಂದರು.

‘ಕಾಫಿ ಕುಡಿ ಹೋಗು. ಆಮೇಲೆ ಬಿಚ್ಚೋಣ’ ಅಂದರು.