ಲೈಟು ಆರಿಸಿ ಉಳಿಸಿದ್ದೆಷ್ಟು?

ಮನೆಯಲ್ಲಿ ಕರೆಂಟ್ ಉಳಿಸುವ ಮಾತು ಬಂದ ಕೂಡಲೇ ಎಲ್ಲರ ಕೈ ಹೋಗುವುದು ಲೈಟಿನ ಸ್ವಿಚ್ಚಿಗೆ. ಯಾರೂ ಇಲ್ಲದ ಕೋಣೆಯಲ್ಲಿ ಬಲ್ಬು ಉರಿಯುತ್ತಿದ್ದರೆ ಹಿರಿಯರಿಗೆ ಸಹಿಸದು. 'ಯಾರಪ್ಪನ ಮನೆ ಗಂಟು ಅಂತ ಉರಿಸ್ತಿದ್ದೀರಿ' ಎಂಬ ಗದರಿಕೆ ಕೇಳದೆ ಬೆಳೆದವರು ಕಡಿಮೆ. ಒಂದು ಕಾಲಕ್ಕೆ ಈ ಗದರಿಕೆ ನ್ಯಾಯವಾದದ್ದೇ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. 1905ರಲ್ಲಿ ಬೆಂಗಳೂರಿಗೆ ಬಂದಾಗ ಅದು ಬೀದಿದೀಪವಾಗಿ ಬಂತು. ಮನೆಗಳಲ್ಲೂ ಬಹುಕಾಲ ಕರೆಂಟೆಂದರೆ ದೀಪವೇ. ಸರ್ಕಾರದ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗೆ ಸಿಕ್ಕಿದ್ದು ಒಂದೇ ಒಂದು ಬಲ್ಬು. 60 ವ್ಯಾಟಿನ ನಾಲ್ಕು ಬಲ್ಬು, ಒಂದು ರೇಡಿಯೋ ಇಷ್ಟೇ ಇದ್ದ ಮನೆಯಲ್ಲಿ ಬಲ್ಬನ್ನಲ್ಲದೆ ಇನ್ನೇನನ್ನು ಆರಿಸಬೇಕಿತ್ತು? ಈಗ ಆ ಜಾಗದಲ್ಲಿ 9 ವ್ಯಾಟಿನ ಎಲ್‌ಇಡಿ ಕೂತಿದೆ. ಬೆಳಕಿನ ಖರ್ಚು ಹೆಚ್ಚುಕಡಿಮೆ ಏಳರಲ್ಲೊಂದು ಪಾಲಿಗೆ ಇಳಿದಿದೆ, ಗದರಿಕೆಯ ದನಿ ಮಾತ್ರ ಇಳಿದಿಲ್ಲ. ನಮ್ಮ ಮಿತವ್ಯಯದ ಕಣ್ಣು ಇಂದಿಗೂ ಬೆಳಕಿನ ಮೇಲಿದೆ. ಮೀಟರು ಓಡುತ್ತಿರುವುದು ಶಾಖಕ್ಕಾಗಿ, ಜೊತೆಗೆ ಹಗಲೂ ರಾತ್ರಿ ತಿರುಗುವ ವಸ್ತುಗಳಿಗಾಗಿ.

ಒಂದು ಬಕೆಟ್ ಸ್ನಾನದ ನೀರನ್ನೇ ನೋಡಿ. 20 ಲೀಟರ್ ನೀರನ್ನು 22 ಡಿಗ್ರಿಯಿಂದ 42 ಡಿಗ್ರಿಗೆ ಏರಿಸಲು ಸುಮಾರು ಅರ್ಧ ಯೂನಿಟ್ ಬೇಕು. ಇದು ಗೀಸರ್ ಕಂಪನಿಯ ಗುಣವೂ ಅಲ್ಲ, ದೋಷವೂ ಅಲ್ಲ, ನೀರಿನ ಸ್ವಭಾವ. ಗೀಸರಿಗೆ ಬದಲು ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟರೂ ನೀರು ಕೇಳುವ ಶಾಖ ಅಷ್ಟೇ. ಅದೇ ಅರ್ಧ ಯೂನಿಟ್ಟಿನಲ್ಲಿ 9 ವ್ಯಾಟಿನ ಬಲ್ಬು ಐವತ್ತು ಗಂಟೆಗೂ ಹೆಚ್ಚು ಉರಿಯುತ್ತದೆ, ಅಂದರೆ ದಿನಕ್ಕೆ ಐದು ಗಂಟೆಯಂತೆ ಹತ್ತು ಸಂಜೆ. ನಾಲ್ಕು ಜನರ ಮನೆಯಲ್ಲಿ ತಲೆಗೊಂದು ಬಕೆಟ್ ಹಿಡಿದರೂ ತಿಂಗಳಿಗೆ 55ರಿಂದ 60 ಯೂನಿಟ್ ಬಚ್ಚಲಲ್ಲೇ ಹರಿದುಹೋಗುತ್ತದೆ. ಶವರಿನಡಿ ಹತ್ತು ನಿಮಿಷ ನಿಲ್ಲುವವರು ಮೂರು ನಾಲ್ಕು ಬಕೆಟ್ ನೀರು ಸುರಿದುಕೊಂಡಿರುತ್ತಾರೆ, ಹೊರಬಂದು ಮರೆಯದೆ ಬಚ್ಚಲ ಲೈಟು ಆರಿಸುತ್ತಾರೆ. ಮಲೆನಾಡಿನ ಹಂಡೆ ಒಲೆಗೆ ಅಡಿಕೆ ಸಿಪ್ಪೆ ತುರುಕುವವರಿಗೆ ಬಿಸಿನೀರು ಎಷ್ಟು ಉರುವಲು ತಿನ್ನುತ್ತದೆಂದು ಹೇಳಿಕೊಡಬೇಕಿಲ್ಲ. ಸಿಪ್ಪೆಯ ರಾಶಿ ಕರಗುವುದು ಅವರ ಕಣ್ಣೆದುರಿಗೇ. ಗೋಡೆಯ ಮೇಲಿನ ಬಿಳಿ ಡಬ್ಬಿ ತಾನೆಷ್ಟು ತಿಂದೆನೆಂದು ತೋರಿಸಿಕೊಳ್ಳುವುದಿಲ್ಲ.

ಹನಿಹನಿಗೂಡಿದರೆ ಹಳ್ಳವಲ್ಲವೇ, ಸಣ್ಣದನ್ನೂ ಉಳಿಸಬಾರದೇ ಎಂದು ಕೇಳುವವರಿದ್ದಾರೆ. ಉಳಿಸಬಾರದೆಂದು ಯಾರು ಹೇಳಿಯಾರು? ಆದರೆ ಹನಿಗೂ ಹನಿಗೂ ವ್ಯತ್ಯಾಸವಿದೆ. ಫೋನಿಲ್ಲದೆ ಸಾಕೆಟ್ಟಿನಲ್ಲೇ ಉಳಿದ ಈಗಿನ ಚಾರ್ಜರ್ ಇಡೀ ತಿಂಗಳಲ್ಲಿ ಎಳೆಯುವುದು ಒಂದು ರೂಪಾಯಿಯ ಕರೆಂಟೂ ಅಲ್ಲ. ಅದನ್ನು ತಿಂಗಳಿಡೀ ಕಾಯ್ದು ಉಳಿಸಿದ್ದು ಅರ್ಧ ಬಕೆಟ್ ಬಿಸಿನೀರಿಗೂ ಸಾಲದು. ಕೆಟ್ಟ ವಿಷಯವೆಂದರೆ, ಇಂಥ ಚಿಕ್ಕ ಕೆಲಸ ಮನಸ್ಸಿಗೆ ದೊಡ್ಡ ತೃಪ್ತಿ ಕೊಡುತ್ತದೆ. ಉಳಿಸುವ ಪಾಲು ತನ್ನದು ಮುಗಿಯಿತೆಂದುಕೊಂಡ ಮನುಷ್ಯ ಗೀಸರ್ ಹಾಕಿಟ್ಟು ಪೇಪರ್ ಓದಲು ಕೂರುತ್ತಾನೆ.

ಹಾಗೆಂದು ಕಡಿಮೆ ವ್ಯಾಟಿನದೆಲ್ಲ ನಿರಪರಾಧಿಯಲ್ಲ. ಗುಣಿಸಬೇಕಾದ್ದು ವ್ಯಾಟನ್ನು ಗಂಟೆಯಿಂದ. ಹಳೆಯ ಜೀರೋ ಬಲ್ಬು ಹೆಸರಿಗೆ ಮಾತ್ರ ಸೊನ್ನೆ. ನಿಜದಲ್ಲಿ ಅದು 12ರಿಂದ 15 ವ್ಯಾಟಿನದು. ದೇವರ ಕೋಣೆಯಲ್ಲಿ ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಸುಮಾರು 10 ಯೂನಿಟ್. ಟಿ.ವಿ. ಆರಿಸಿದ ಮೇಲೂ ಕೆಂಪುಕಣ್ಣು ಬಿಟ್ಟುಕೊಂಡು ಕೂತ ಸೆಟ್‌ಟಾಪ್ ಬಾಕ್ಸನ್ನು ಮುಟ್ಟಿ ನೋಡಿದರೆ ಬೆಚ್ಚಗಿರುತ್ತದೆ, ಆ ಬಿಸುಪಿಗೂ ನಾವೇ ಕಾಸು ಕೊಟ್ಟಿರುತ್ತೇವೆ. ಎಲ್ಲಕ್ಕಿಂತ ದೊಡ್ಡ ಸಾಧು ಫ್ಯಾನು. ಸಾಮಾನ್ಯ ಸೀಲಿಂಗ್ ಫ್ಯಾನ್ 75 ವ್ಯಾಟಿನದು, ದಿನಕ್ಕೆ 12 ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬಿಎಲ್‌ಡಿಸಿ ಮೋಟರಿನ ಫ್ಯಾನ್ ಸುಮಾರು 30 ವ್ಯಾಟಿನಲ್ಲಿ ಅಷ್ಟೇ ಗಾಳಿ ಕೊಟ್ಟು 11 ಯೂನಿಟ್ಟಿಗೆ ಸುಮ್ಮನಾಗುತ್ತದೆ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಒಂದು ಫ್ಯಾನಿಂದ ತಿಂಗಳಿಗೆ ತೊಂಬತ್ತಕ್ಕೂ ಹೆಚ್ಚು ರೂಪಾಯಿ. ಕೊಳ್ಳುವಾಗ ತೆತ್ತ ಹೆಚ್ಚಿನ ಬೆಲೆ ವರ್ಷ, ಒಂದೂವರೆ ವರ್ಷದಲ್ಲಿ ವಾಪಸಾಗುತ್ತದೆ. ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಫ್ಯಾನು ನಿಲ್ಲುವುದೇ ಇಲ್ಲವಾದ್ದರಿಂದ ಅಲ್ಲಿ ಇನ್ನೂ ಬೇಗ.

ಇದರಿಂದ ಹೊರಡುವ ತೀರ್ಮಾನ ಮನೆಯ ಹಿರಿಯರಿಗೆ ಅಷ್ಟು ಹಿಡಿಸಲಾರದು: ಕರೆಂಟ್ ಉಳಿತಾಯದ ಹೆಚ್ಚಿನ ಭಾಗ ನಿರ್ಧಾರವಾಗುವುದು ಸ್ವಿಚ್ಚಿನ ಬಳಿಯಲ್ಲ, ಅಂಗಡಿಯಲ್ಲಿ. ದೇಶದಲ್ಲಿ ಬೆಳಕಿನ ಖರ್ಚು ಇಳಿದದ್ದೂ ಜನ ಶಿಸ್ತು ಕಲಿತದ್ದರಿಂದಲ್ಲ. 2014ರಲ್ಲಿ ಸರ್ಕಾರಿ ಖರೀದಿಯಲ್ಲಿ 310 ರೂಪಾಯಿಯಿದ್ದ ಎಲ್‌ಇಡಿ ಬಲ್ಬಿನ ದರ 2016ರ ಹೊತ್ತಿಗೆ 38ಕ್ಕೆ ಇಳಿಯಿತು, 2015ರಲ್ಲಿ ಶುರುವಾದ ಉಜಾಲಾ ಯೋಜನೆ ಅದನ್ನು ಮನೆಮನೆಗೆ ಮುಟ್ಟಿಸಿತು. ಬಲ್ಬು ಬದಲಾಯಿತು, ಮನುಷ್ಯ ಬದಲಾಗಲಿಲ್ಲ, ಬಿಲ್ಲು ಇಳಿಯಿತು. ಬಿಸಿನೀರಿನ ವಿಷಯದಲ್ಲಿ ಬೆಂಗಳೂರಿನ ತಾರಸಿಗಳ ಮೇಲಿನ ಸೋಲಾರ್ ಹೀಟರುಗಳು ಮಾಡಿದ್ದೂ ಇದನ್ನೇ.

ಕೊಳ್ಳಲು ದುಡ್ಡಿರುವವರಿಗೆ ಸರಿ, ಬಾಡಿಗೆದಾರರು ಏನು ಮಾಡಬೇಕು ಎಂಬ ಆಕ್ಷೇಪ ಗಟ್ಟಿಯಾದದ್ದು. ಗೀಸರ್ ಕೊಳ್ಳುವವರು ಓನರ್, ಬಿಲ್ ಕಟ್ಟುವವರು ಬಾಡಿಗೆದಾರರು. ಅಗ್ಗದ್ದನ್ನು ತಂದು ಹಾಕಿದವರಿಗೆ ಅದರ ಹೊಟ್ಟೆಬಾಕತನದ ಚಿಂತೆ ಏಕಿರಬೇಕು? ಈ ಗಂಟನ್ನು ಬಾಡಿಗೆದಾರರೊಬ್ಬರೇ ಬಿಡಿಸಲಾರರು. ಆದರೂ ಥರ್ಮೋಸ್ಟಾಟ್ ತಗ್ಗಿಸಬಹುದು, ಸ್ನಾನಗಳನ್ನು ಒಂದರ ಹಿಂದೊಂದು ಮುಗಿಸಬಹುದು, ಫ್ಯಾನನ್ನಂತೂ ಸ್ವಂತದ್ದು ಹಾಕಿಸಿಕೊಂಡು ಮನೆ ಬಿಡುವಾಗ ಪಾತ್ರೆಪಗಡದ ಜೊತೆ ಬಿಚ್ಚಿಕೊಂಡು ಹೋಗಬಹುದು.

ಇನ್ನು, ತಿಂಗಳಿಗೆ 200 ಯೂನಿಟ್‌ವರೆಗೆ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯಿಂದ ಬಿಲ್ಲೇ ಸೊನ್ನೆಯಾಗಿರುವಾಗ ಈ ಗುಣಾಕಾರ ಭಾಗಾಕಾರ ಯಾರಿಗೆ ಬೇಕು? ಸೊನ್ನೆ ಬಿಲ್ಲಿನೊಳಗೇ ಇರುವವರಿಗೆ ಒಂದು ಯೂನಿಟ್ ಉಳಿಸಿದರೆ ಒಂದು ಪೈಸೆಯೂ ಉಳಿಯದು, ಒಪ್ಪಬೇಕಾದ ಮಾತು. ಆದರೆ 2023ರಲ್ಲಿ ಬಂದ ಈ ಯೋಜನೆಯಲ್ಲಿ 200 ಯೂನಿಟ್ ಎಲ್ಲರ ಪಾಲಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ. 10 ಸೇರಿಸಿದ್ದು ಮನೆಯ ಪಾಲು ಎಂದೇ ಅದು ಶುರುವಾದದ್ದು. ಪಾಲು ಮೀರಿದರೆ ಮೀರಿದಷ್ಟಕ್ಕೆ ಹಣ ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲೇ ತಲೆಗೆ ಬರುತ್ತದೆ. ಆ ಲೆಕ್ಕದಲ್ಲಿ, ಪಾಲು 200ರವರೆಗೂ ಇರುವ ಮನೆಗೆ ಇನ್ನೂರ ಒಂದನೆಯ ಯೂನಿಟ್ಟಿನ ಬೆಲೆ ಆರು ರೂಪಾಯಿಯಲ್ಲ, ಸಾವಿರದ ಇನ್ನೂರಕ್ಕೂ ಮೇಲೆ. ಕಿಲೋವ್ಯಾಟ್ ಲೆಕ್ಕದ ನಿಗದಿತ ಶುಲ್ಕ ಅದರ ಬೆನ್ನಿಗೆ. 185, 190ರ ಅಂಚಿನಲ್ಲಿ ಓಡಾಡುವ ಮನೆಗೆ ಎರಡು ಫ್ಯಾನು ಬದಲಾಯಿಸುವುದು, ದಿನಕ್ಕೊಂದು ಬಕೆಟ್ ತಗ್ಗಿಸುವುದು ಎಂದರೆ ಇಡೀ ಬಿಲ್ಲು ಬರುವುದೋ ಬಾರದಿರುವುದೋ ಎಂಬ ಪ್ರಶ್ನೆ. ಏಪ್ರಿಲ್‌ನಲ್ಲಿ ಕೂಲರ್ ಹೊರತೆಗೆದ ಮನೆಯವರು ತಿಂಗಳ ನಡುವೆಯೇ ಒಮ್ಮೆ ಮೀಟರ್ ನೋಡಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು. ರೀಡಿಂಗಿನವರು ಬಾಗಿಲಿಗೆ ಬಂದ ದಿನ ನೋಡಿದರೆ ಯಾವ ಲೈಟು ಆರಿಸಿದರೂ ಪ್ರಯೋಜನವಿಲ್ಲ.