ಕೆಂಡ ಮುಚ್ಚುವ ಲೆಕ್ಕ

ಪ್ರೊಸೆಸರ್ ಯಾವಾಗ ಓಡಬೇಕು, ಎಷ್ಟು ವೇಗದಲ್ಲಿ ಓಡಬೇಕು, ಯಾವಾಗ ಮಲಗಬೇಕು ಎಂದು ತೀರ್ಮಾನಿಸುವುದು ಲಿನಕ್ಸ್ ಕರ್ನಲ್‌ನ ಒಂದು ಭಾಗ. ಬೆಂಗಳೂರಿನಲ್ಲಿ ಕೂತು ಮೊಬೈಲ್ ಫೋನುಗಳಿಗಾಗಿ ಆ ಭಾಗವನ್ನು ತಿದ್ದುವುದು ನನ್ನ ಕೆಲಸ.

ವೇಗದ ಲೆಕ್ಕ ಅಷ್ಟು ಕಷ್ಟವಲ್ಲ. ವೇಗ ಹೆಚ್ಚಬೇಕಾದರೆ ವೋಲ್ಟೇಜೂ ಹೆಚ್ಚಬೇಕು. ವಿದ್ಯುತ್ತಿನ ಖರ್ಚು ವೋಲ್ಟೇಜಿನ ವರ್ಗದಂತೆ ಏರುತ್ತದೆ. ಅವಸರಕ್ಕೆ ದಂಡ ಜಾಸ್ತಿ. ಹಳೆಯ ‘ಆನ್‌ಡಿಮ್ಯಾಂಡ್’ ಗವರ್ನರ್ ಆಗಾಗ ಇಣುಕಿ, ಎಷ್ಟು ಕೆಲಸವಿತ್ತೆಂದು ನೋಡಿ ವೇಗ ಬದಲಿಸುತ್ತಿತ್ತು. 2016ರಲ್ಲಿ ಬಂದ ‘ಸ್ಕೆಡ್‌ಯುಟಿಲ್’ ಕೆಲಸ ಹಂಚುವ ಶೆಡ್ಯೂಲರನ್ನೇ ಕೇಳಿ ತಿಳಿದುಕೊಳ್ಳುತ್ತದೆ.

ಕಷ್ಟವಿರುವುದು ಮಲಗಿಸುವುದರಲ್ಲಿ. ತೀರ್ಥಹಳ್ಳಿಯ ಆಚೆ ನಮ್ಮ ಮನೆಯಲ್ಲಿ ಬಚ್ಚಲ ಒಲೆ ಇದೆ. ಇನ್ನು ಸ್ವಲ್ಪ ಹೊತ್ತಿಗೆ ಯಾರೋ ಸ್ನಾನಕ್ಕೆ ಬರುವುದಿದ್ದರೆ ಅಮ್ಮ ಕೆಂಡಕ್ಕೆ ಬೂದಿ ಮುಚ್ಚುತ್ತಾಳೆ. ಇಲ್ಲವಾದರೆ ಒಲೆ ಆರಿಸುತ್ತಾಳೆ. ಆರಿಸಿದ್ದನ್ನು ಮತ್ತೆ ಹೊತ್ತಿಸಲು ಒಣ ಸೋಗೆ ಬೇಕು, ಊದುಗೊಳವೆ ಬೇಕು. ಕೋರ್‌ಗಳಿಗೂ ಹೀಗೆಯೇ ಹಗುರ ನಿದ್ದೆ, ಗಾಢ ನಿದ್ದೆ ಎಂಬ ಹಂತಗಳಿವೆ. ಗಾಢ ನಿದ್ದೆಗೆ ಹೋದ ಕೋರ್‌ಗೆ ವಿದ್ಯುತ್ತೇ ಕಡಿತ. ಆದರೆ ಅದಕ್ಕೆ ಮೊದಲು ತನ್ನ ಸ್ಥಿತಿಯನ್ನೆಲ್ಲ ಬೇರೆಡೆ ಉಳಿಸಿಡಬೇಕು, ಎದ್ದ ಮೇಲೆ ಮರಳಿ ತುಂಬಿಕೊಳ್ಳಬೇಕು. ಇಂತಿಷ್ಟು ಹೊತ್ತಾದರೂ ಮಲಗಿದರೆ ಮಾತ್ರ ಲಾಭ. ಮೊದಲೇ ಎಬ್ಬಿಸಿದರೆ ಹಗುರ ನಿದ್ದೆಗಿಂತ ಹೆಚ್ಚು ಖರ್ಚು. ಮುಂದಿನ ಟೈಮರ್ ಯಾವಾಗ, ಈಚೆಗೆ ಎಷ್ಟೆಷ್ಟು ಹೊತ್ತು ನಿದ್ದೆ ಸಿಕ್ಕಿತ್ತು ಎಂದು ನೋಡಿ ಕರ್ನಲ್ ಅಂದಾಜು ಕಟ್ಟುತ್ತದೆ. ಅಮ್ಮನೂ ಅಂದಾಜಿನ ಮೇಲೆಯೇ ನಡೆಯುವವಳು.

ಆಷಾಢದಲ್ಲಿ ಅಲ್ಲಿ ಮರ ಬಿದ್ದು ಕರೆಂಟು ಹೋದರೆ ಎರಡೆರಡು ದಿನ ಬರುವುದಿಲ್ಲ. ಅಮ್ಮ ಒಬ್ಬಳೇ. ಬ್ಯಾಟರಿಯಲ್ಲಿ ಉಳಿದಷ್ಟೇ ನಮ್ಮಿಬ್ಬರ ನಡುವಿನ ದಾರಿ. ಕರ್ನಲ್ ಮೈಕ್ರೋಸೆಕೆಂಡುಗಳ ಲೆಕ್ಕದಲ್ಲಿ ಉಳಿಸಿದ್ದನ್ನು ಸುಮ್ಮಸುಮ್ಮನೆ ಎಬ್ಬಿಸುವ ಒಂದು ಆಪ್ ನುಂಗಿಬಿಡಬಲ್ಲದು. ಹೋದ ಮಳೆಗಾಲದಲ್ಲಿ ಅವಳ ಫೋನಿನಿಂದ ಅಂಥ ಮೂರನ್ನು ತೆಗೆದೆ.

“ಪಾಪ, ಅವೇನು ಮಾಡ್ತಿದ್ವೋ?” ಅಂದಳು.

“ನಿದ್ದೆ ಕೆಡಿಸ್ತಿದ್ವು.”

“ಹಾಗಾದ್ರೆ ತೆಗಿ ಮಾರಾಯ.”

ಆಫೀಸಿನಲ್ಲಿ ಉಳಿತಾಯವನ್ನು ಮಿಲಿಆಂಪಿಯರ್‌ಗಳಲ್ಲಿ ಬರೆಯುತ್ತೇವೆ. ಅಂಕಿ ಚಿಕ್ಕದಿದ್ದರೆ ಸಭೆಯಲ್ಲಿ ಯಾರೂ ತಲೆ ಎತ್ತುವುದಿಲ್ಲ. ನಾನು ಮಾತ್ರ ಅದನ್ನು ಗಂಟೆಗಳಿಗೆ ಬದಲಿಸಿ ನೋಡುತ್ತೇನೆ: ಎರಡನೆಯ ದಿನದ ರಾತ್ರಿ ರಿಂಗ್ ಆದೀತೇ?